ಮೀಟರ್ ಇಡದ ಒಂಬತ್ತನೆಯ ಜಾಗ

ಮಂಗಳೂರಿನ ಹಳೆ ಬಂದರಿನಲ್ಲಿ ಚಂದ್ರಾವತಿ ತಿಂಗಳಾಯ ಎಂಬ ಹೆಂಗಸು ಇದ್ದರು. ಹಡಗಿನ ದಿಕ್ಸೂಚಿ, ರೇಡಾರ್, ನೀರಿನ ಆಳ ಅಳೆಯುವ ಯಂತ್ರ, ಇಂಥವು ಕೆಟ್ಟರೆ ಪರೀಕ್ಷಿಸಿ ಸರಿ ಮಾಡುವುದು ಅವರ ಕಸುಬು. ವಯಸ್ಸು ಐವತ್ತೆರಡು. ಬಂದರಿನವರಿಗೆಲ್ಲ ಅವರು ಚಂದ್ರಕ್ಕ.

ಅವರ ಕೈಚೀಲದಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ವಿದ್ಯುತ್ ಅಳೆಯುವ ಒಂದು ಮೀಟರ್, ನಾಲ್ಕು ಸ್ಕ್ರೂಡ್ರೈವರ್, ಒಂದು ಟಾರ್ಚು, ಕಿಲುಬು ಉಜ್ಜಲು ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಆ ಚೀಲ ಹೆಗಲಿಗೆ ಹಾಕಿಕೊಂಡು ಅವರು ಹಡಗಿನ ಏಣಿ ಹತ್ತಿದರೆ ಸಾಕು, ಮೇಲಿದ್ದವರಿಗೆ ಅರ್ಧ ಸಮಾಧಾನ. ಯಾಕೆಂದರೆ ಚಂದ್ರಕ್ಕ ಊಹೆಯ ಮೇಲೆ ಮಾತಾಡುವವರಲ್ಲ. "ಇದು ಕೆಟ್ಟಿರಬಹುದು" ಎಂದು ಅವರು ಯಾವತ್ತೂ ಹೇಳಿದ್ದಿಲ್ಲ. ಅಳೆದು ನೋಡುತ್ತಿದ್ದರು, ಆಮೇಲೆ "ಕೆಟ್ಟಿದೆ" ಅನ್ನುತ್ತಿದ್ದರು. ಇಲ್ಲವಾದರೆ "ಇನ್ನೂ ಗೊತ್ತಾಗಲಿಲ್ಲ" ಅನ್ನುತ್ತಿದ್ದರು. ಹಾಗೆ ಹೇಳಲು ಅವರಿಗೆ ನಾಚಿಕೆ ಇರಲಿಲ್ಲ.

ಒಂದು ವರ್ಷ ಮೇ ತಿಂಗಳ ಮಧ್ಯದಲ್ಲಿ 'ಜಲಸಿರಿ' ಎಂಬ ಸಣ್ಣ ಸರಕು ಹಡಗು ಬಂದರಿಗೆ ಬಂತು. ಅರಬ್ಬಿ ಕಡಲಿನ ನಡುವೆ ಒಂದು ಪುಟ್ಟ ದ್ವೀಪ ಉಂಟು. ಅಲ್ಲಿಗೆ ಅಕ್ಕಿ, ಈರುಳ್ಳಿ, ಸಿಮೆಂಟು, ಔಷಧಿ ಒಯ್ಯುವ ಹಡಗು ಅದು. ಮಳೆಗಾಲ ಶುರುವಾದರೆ ಅಂಥ ಸಣ್ಣ ಹಡಗು ಕಡಲಿಗೆ ಇಳಿಯುವ ಹಾಗಿಲ್ಲ. ಆ ವರ್ಷಕ್ಕೆ ಅದೇ ಕೊನೆಯ ಪಯಣ.

ಹಡಗಿನ ಕ್ಯಾಪ್ಟನ್ ಕುಂಞಿಕೋಯ ಅದೇ ದ್ವೀಪದವರು. ಬಂದರಿಗೆ ಮೂವತ್ತು ವರ್ಷದಿಂದ ಬಂದು ಹೋಗಿ ಮಾಡಿ, ಮಂಗಳೂರಿನವರ ಹಾಗೆಯೇ ಕನ್ನಡ ಮಾತಾಡುತ್ತಿದ್ದರು. ಬೆಳಿಗ್ಗೆ ಏಳು ಗಂಟೆಗೆ ಅವರು ಚಂದ್ರಕ್ಕನನ್ನು ಕರೆಸಿದರು.

"ನಿನ್ನೆ ಅಳಿವೆ ಬಾಗಿಲಿನಲ್ಲಿ ಒಂದು ವಿಷಯ ಆಯಿತು ಅಕ್ಕ," ಎಂದರು ಕ್ಯಾಪ್ಟನ್. "ಹಡಗು ಎಡಕ್ಕೆ ತಿರುಗುತ್ತಾ ಇತ್ತು. ಆದರೆ ದಿಕ್ಸೂಚಿಯ ಅಂಕಿ ತಿರುಗಲಿಲ್ಲ. ನಿಂತುಬಿಟ್ಟಿತು. ನಲವತ್ತು ಸೆಕೆಂಡು ಇರಬಹುದು. ಆಮೇಲೆ ಒಮ್ಮೆಲೇ ಏಳು ಡಿಗ್ರಿ ಹಾರಿ ಸರಿಯಾಯಿತು. ಆಗಿನಿಂದ ಸರಿಯಾಗಿಯೇ ಉಂಟು."

"ನಿಮಗೆ ಹೇಗೆ ಗೊತ್ತಾಯಿತು?"

"ಹಗಲಲ್ಲವಾ? ದೀಪಸ್ತಂಭ ಕಣ್ಣಿಗೆ ಕಾಣುತ್ತಿತ್ತು. ಅದು ಸರಿಯುತ್ತಿದೆ, ಅಂಕಿ ಸರಿಯುತ್ತಿಲ್ಲ. ಮಂಜಿನಲ್ಲಿ ಆಗಿದ್ದರೆ ಗೊತ್ತಾಗುತ್ತಿರಲಿಲ್ಲ."

ಈ ದಿಕ್ಸೂಚಿ ಎಂದರೆ ನಾವು ಅಂಗೈಯಲ್ಲಿ ಇಟ್ಟು ನೋಡುವ ಸೂಜಿಯದ್ದಲ್ಲ. ಹಡಗಿನ ಕೆಳಗಿನ ಕೋಣೆಯಲ್ಲಿ ವಿದ್ಯುತ್ತಿನಿಂದ ತಿರುಗುವ ಒಂದು ಯಂತ್ರ ಇರುತ್ತದೆ. ಅದಕ್ಕೆ ಗೈರೋ ಎನ್ನುತ್ತಾರೆ. ಅದು ಉತ್ತರ ದಿಕ್ಕನ್ನು ಹಿಡಿದುಕೊಂಡಿರುತ್ತದೆ. ಅದು ಹೇಳುವುದನ್ನು ಒಂದು ತಂತಿ ಮೇಲಿನ ಚುಕ್ಕಾಣಿ ಕೋಣೆಗೆ ಒಯ್ಯುತ್ತದೆ. ಅಲ್ಲಿ ಅಂಕಿ ಕಾಣುತ್ತದೆ. ಚುಕ್ಕಾಣಿ ಹಿಡಿದವನು ಆ ಅಂಕಿ ನೋಡಿಯೇ ಹಡಗು ನಡೆಸುತ್ತಾನೆ. ಅಂಕಿ ಸುಳ್ಳಾದರೆ ಹಡಗು ಸುಳ್ಳು ದಾರಿ ಹಿಡಿಯುತ್ತದೆ.

"ಇವತ್ತು ಹನ್ನೆರಡೂವರೆಗೆ ಭರತ," ಎಂದರು ಕ್ಯಾಪ್ಟನ್. ಭರತ ಎಂದರೆ ಕಡಲು ಉಕ್ಕುವ ಹೊತ್ತು. ಹೊಳೆ ಕಡಲಿಗೆ ಸೇರುವ ಅಳಿವೆಯ ಮರಳುದಿಬ್ಬದ ಮೇಲೆ ಆಗ ಮಾತ್ರ ಜಲಸಿರಿಗೆ ಬೇಕಾದಷ್ಟು ನೀರು. "ಅದರೊಳಗೆ ನೋಡಿ, ದಿಕ್ಸೂಚಿ ಸರಿ ಉಂಟು ಅಂತ ಸಹಿ ಹಾಕಿ ಕೊಡಿ ಅಕ್ಕ. ಈ ಸಲ ಸರಕಿನಲ್ಲಿ ಡಯಾಲಿಸಿಸ್ ದ್ರವದ ಪೆಟ್ಟಿಗೆಗಳು ಉಂಟು. ನಮ್ಮ ದ್ವೀಪದ ಆಸ್ಪತ್ರೆಯಲ್ಲಿ ಇನ್ನು ಮೂರು ದಿನಕ್ಕಾಗುವಷ್ಟು ಮಾತ್ರ ಉಳಿದಿದೆ. ಆರು ಜನ ರೋಗಿಗಳು. ಅವರಲ್ಲಿ ನನ್ನ ತಮ್ಮನೂ ಒಬ್ಬ."

ಚಂದ್ರಕ್ಕ ತಲೆಯಾಡಿಸಿ ಕೆಲಸ ಶುರು ಮಾಡಿದರು.

ಹಡಗಿನ ಎಲೆಕ್ಟ್ರಿಷಿಯನ್ ಪುಷ್ಪರಾಜ ಬಂಗೇರ ತಂತಿಗಳ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ಕೆಲಸ ಬಲ್ಲ ಮನುಷ್ಯ, ಈ ಹಡಗಿಗೆ ಸೇರಿ ಎರಡು ವರ್ಷವಾಗಿತ್ತು. ಗೈರೋದಿಂದ ಚುಕ್ಕಾಣಿ ಕೋಣೆಯವರೆಗೆ ತೊಂದರೆ ಎಲ್ಲೆಲ್ಲಿ ಇರಬಹುದು ಎಂದು ಇಬ್ಬರೂ ಗುರುತು ಹಾಕಿದರು. ವಿದ್ಯುತ್ ಬರುವ ಹಲಗೆ. ಬ್ಯಾಟರಿ. ಫ್ಯೂಸು. ಗೈರೋದ ಹಿಂದಿನ ಜೋಡಣೆ. ಹೀಗೆ ಒಂಬತ್ತು ಜಾಗಗಳಾದವು.

ಒಂಬತ್ತನೆಯದು ಅಡುಗೆಕೋಣೆಯ ಹೊರಗಿನ ಓಣಿಯಲ್ಲಿ, ಮರದ ಹಲಗೆಯ ಹಿಂದೆ ಇದ್ದ ಒಂದು ಸಣ್ಣ ಪೆಟ್ಟಿಗೆ. ಆರು ವರ್ಷದ ಹಿಂದೆ ತಂತಿ ಅಲ್ಲಿ ತುಂಡಾಗಿತ್ತು. ಆಗ ಚಂದ್ರಕ್ಕನೇ ಬಂದು ಹೊಸ ತಂತಿ ಸೇರಿಸಿ, ಸೇರಿಕೆಯನ್ನು ಆ ಪೆಟ್ಟಿಗೆಯೊಳಗೆ ಕೂರಿಸಿದ್ದರು.

"ಇದನ್ನೂ ತೆರೆಯುವುದಾ ಅಕ್ಕ?" ಎಂದು ಪುಷ್ಪರಾಜ ಕೇಳಿದರು.

"ಅದು ಬೇಡ. ಅದು ನಾನೇ ಕೂತು ಮಾಡಿದ್ದು," ಎಂದರು ಚಂದ್ರಕ್ಕ. "ಅದಕ್ಕೇನೂ ಆಗುವುದಿಲ್ಲ."

ಆಮೇಲೆ ಎಂಟು ಜಾಗದಲ್ಲಿ ಅವರು ಮಾಡಿದ ಕೆಲಸ ನೋಡಬೇಕಿತ್ತು. ವಿದ್ಯುತ್ ಹಲಗೆಯಲ್ಲಿ ವೋಲ್ಟೇಜು ನೋಡಿದರು, ಸರಿಯಿತ್ತು. "ಭಾರ ಇಲ್ಲದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ಲಂಗರಿನ ಮೋಟಾರು ಚಾಲೂ ಮಾಡಿ," ಎಂದರು. ದೊಡ್ಡ ಮೋಟಾರು ಗರ್ರೆಂದಾಗ ಮತ್ತೆ ನೋಡಿದರು. ಆಗಲೂ ಸರಿಯಿತ್ತು. ಬ್ಯಾಟರಿಯ ತುದಿಗಳನ್ನು ಉಜ್ಜಿ, ಬಿಗಿಮಾಡಿ, ಮತ್ತೆ ಅಳೆದರು. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸನ್ನೂ ತೆಗೆದು ಅಳೆದೇ ಒಳಗೆ ಹಾಕಿದರು.

ತಂತಿಯ ಹೊದಿಕೆ ಎಲ್ಲಾದರೂ ಸವೆದು ವಿದ್ಯುತ್ ಸೋರುತ್ತಿದೆಯೇ ಎಂದು ನೋಡಲು ಮೆಗ್ಗರ್ ಎಂಬ ಬೇರೆ ಯಂತ್ರ ಬೇಕು. ಅದು ತಂತಿಗೆ ಐನೂರು ವೋಲ್ಟ್ ಬಿಡುತ್ತದೆ. ಉಪಕರಣಕ್ಕೆ ಅಷ್ಟು ತಾಗಿದರೆ ಅದು ಅಲ್ಲೇ ಸುಟ್ಟುಹೋಗುತ್ತದೆ. ಆದ್ದರಿಂದ ಚಂದ್ರಕ್ಕ ಮೊದಲು ತಂತಿಯ ಎರಡೂ ತುದಿ ಬಿಚ್ಚಿದರು. ಬಿಚ್ಚಿದ ಒಂದೊಂದು ಎಳೆಗೂ ಚೀಟಿ ಕಟ್ಟಿದರು. ಕೆಳಗಿನ ತುದಿ ಬಿಚ್ಚಿದೆಯೋ ಇಲ್ಲವೋ ಎಂದು ಮೂರು ಮಹಡಿ ಇಳಿದು ತಾವೇ ಮುಟ್ಟಿ ನೋಡಿ ಬಂದರು. ಆಮೇಲೆ ಮೆಗ್ಗರ್ ಹಚ್ಚಿದರು. ಹೊದಿಕೆ ಗಟ್ಟಿಯಾಗಿತ್ತು, ಸೋರಿಕೆ ಇರಲಿಲ್ಲ. ಚೀಟಿ ನೋಡಿ ಎಳೆಗಳನ್ನು ಮತ್ತೆ ಅವುಗಳ ಜಾಗಕ್ಕೇ ಸೇರಿಸಿದರು.

ಮೇ ತಿಂಗಳ ಸೆಕೆ. ಗೈರೋ ಕೋಣೆಯಲ್ಲಿ ಗಾಳಿಯೇ ಇಲ್ಲ. ಚಂದ್ರಕ್ಕನ ಸೀರೆಯ ಸೆರಗು ಬೆವರಿನಿಂದ ಹಿಂಡುವ ಹಾಗಾಗಿತ್ತು. ಆದರೂ ಒಂದು ಸ್ಕ್ರೂವನ್ನೂ ಅವರು ಅವಸರದಲ್ಲಿ ತಿರುಗಿಸಲಿಲ್ಲ. ಪುಷ್ಪರಾಜ ಟಾರ್ಚು ಹಿಡಿದು ನಿಂತು ನೋಡಿದ್ದೇ ನೋಡಿದ್ದು. "ಕಾಲೇಜಿನಲ್ಲಿ ನನಗೆ ಇದನ್ನು ಯಾರೂ ಹೀಗೆ ತೋರಿಸಿರಲಿಲ್ಲ," ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದುಂಟು.

ಗಂಟೆ ಹನ್ನೆರಡಾಯಿತು. ಎಂಟೂ ಜಾಗ ಸರಿ. ದೋಷ ಮಾತ್ರ ಸಿಗಲಿಲ್ಲ.

ಕ್ಯಾಪ್ಟನ್ ಕೆಳಗೆ ಬಂದರು. "ಏನಾಯಿತು ಅಕ್ಕ?"

"ಇನ್ನೂ ಗೊತ್ತಾಗಲಿಲ್ಲ."

"ಎಲ್ಲ ಸರಿ ಉಂಟಂತಲ್ಲ, ಪುಷ್ಪರಾಜ ಹೇಳಿದ. ನಿನ್ನೆಯಿಂದ ಅಂಕಿ ಒಮ್ಮೆಯೂ ನಿಂತಿಲ್ಲ. ಏನೋ ಆಯಿತು, ಹೋಯಿತು. ಇನ್ನು ಅರ್ಧ ಗಂಟೆಯಲ್ಲಿ ನೀರು ಇಳಿಯಲು ಶುರುವಾಗುತ್ತದೆ. ಸಹಿ ಹಾಕಿ ಮಾರಾಯ್ರೇ."

"ತಾನಾಗಿ ಹೋದದ್ದು ತಾನಾಗಿಯೇ ಬರುತ್ತದೆ ಕ್ಯಾಪ್ಟನ್ರೇ," ಎಂದರು ಚಂದ್ರಕ್ಕ. "ಎಲ್ಲಿ ಹೋಯಿತು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಸಹಿ ಹೇಗೆ ಹಾಕಲಿ?"

ಕ್ಯಾಪ್ಟನ್ ಕೈಗಡಿಯಾರ ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಅಕ್ಕ, ನನ್ನ ತಮ್ಮ..." ಎಂದರು.

ಚಂದ್ರಕ್ಕನ ಕಣ್ಣು ತುಂಬಿತು. "ನಿಮ್ಮ ದ್ವೀಪದ ಸುತ್ತ ಹವಳದ ಬಂಡೆ ಉಂಟಲ್ಲ? ಒಳಗೆ ಹೋಗುವ ದಾರಿ ಎಷ್ಟು ಅಗಲ?"

"ಹಡಗಿನ ಅಗಲಕ್ಕೆ ಎರಡು ಪಾಲು. ಅಷ್ಟೇ."

"ಅಲ್ಲಿ ಅಂಕಿ ನಿಂತರೆ ಔಷಧಿ ಯಾರಿಗೂ ಮುಟ್ಟುವುದಿಲ್ಲ."

ಕ್ಯಾಪ್ಟನ್ ಟೋಪಿ ತೆಗೆದು ಹಣೆ ಒರೆಸಿಕೊಂಡು ಮೇಲೆ ಹೋದರು. ಬೇರೆ ಯಾರನ್ನಾದರೂ ಕರೆಸಿ ಸಹಿ ಹಾಕಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಹನ್ನೆರಡೂವರೆಯ ಭರತ ಬಂತು. ಜಲಸಿರಿ ದಕ್ಕೆಯ ಕಟ್ಟೆಗೆ ಹಗ್ಗ ಕಟ್ಟಿಕೊಂಡೇ ನಿಂತಿತು. ನೀರು ಇಳಿಯಿತು. ಮುಂದಿನ ಭರತ ನಡುರಾತ್ರಿಗೆ, ಕತ್ತಲಲ್ಲಿ ಆ ಅಳಿವೆ ದಾಟುವ ಧೈರ್ಯ ಯಾರಿಗೂ ಇಲ್ಲ. ಇನ್ನು ಹೊರಡುವುದೆಂದರೆ ಮರುದಿನ ಮಧ್ಯಾಹ್ನವೇ.

ಅಡುಗೆಯವರು ಗಂಜಿ, ಚಟ್ನಿ ತಂದುಕೊಟ್ಟರು. ಚಂದ್ರಕ್ಕ ಓಣಿಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಕೂತು ನಕ್ಷೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಗಂಜಿ ಆರಿತು. ಅವರು ಮುಟ್ಟಲಿಲ್ಲ. ಎಂಟು ಗುರುತುಗಳ ಪಕ್ಕ ತಮ್ಮದೇ ಕೈಬರಹದಲ್ಲಿ ಎಂಟು ಅಳತೆಗಳಿದ್ದವು. ಒಂಬತ್ತನೆಯ ಗುರುತಿನ ಪಕ್ಕ ಏನೂ ಇರಲಿಲ್ಲ.

ಅವರು ಆ ಖಾಲಿ ಜಾಗವನ್ನೇ ನೋಡುತ್ತಾ ಕೂತರು.

ಎಂಟು ಜಾಗದಲ್ಲಿ ಮೀಟರ್ ಇಟ್ಟೆ. ಕಣ್ಣಿಗೆ ಚೆನ್ನಾಗಿ ಕಂಡ ಫ್ಯೂಸನ್ನೂ ನಂಬಲಿಲ್ಲ. ಇದೊಂದನ್ನು ಮಾತ್ರ ಹೇಗೆ ನಂಬಿದೆ? ಅಳೆದು ನಂಬಿದೆನೇ? ಇಲ್ಲ. ನಾನು ಮಾಡಿದ್ದು ಎಂಬ ಒಂದೇ ಕಾರಣಕ್ಕೆ ನಂಬಿದೆ.

ಅವರ ಮುಖ ಕೆಂಪಾಯಿತು. ಎದ್ದು ನಿಂತರು.

"ಪುಷ್ಪರಾಜ್, ನೀವು ಮೇಲೆ ಹೋಗಿ," ಎಂದರು. "ದಕ್ಕೆಯಲ್ಲೂ ಹಡಗು ಒಂಚೂರು ಅಲ್ಲಾಡುತ್ತದಲ್ಲ? ಅಂಕಿಯ ಕೊನೆಯ ಸ್ಥಾನ ಸದಾ ಬದಲಾಗುತ್ತಾ ಇರುತ್ತದೆ. ಅದನ್ನೇ ನೋಡುತ್ತಾ ಇರಿ. ನಿಂತರೆ ಹೇಳಿ."

ಪುಷ್ಪರಾಜ ವಾಕಿಟಾಕಿ ಹಿಡಿದು ಚುಕ್ಕಾಣಿ ಕೋಣೆಗೆ ಓಡಿದರು. ಚಂದ್ರಕ್ಕ ಮರದ ಹಲಗೆ ಕಳಚಿ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಟಾರ್ಚು ಬಿಟ್ಟರು. ಪಕ್ಕದಲ್ಲೇ ಅಡುಗೆಕೋಣೆ. ಆರು ವರ್ಷದ ಆವಿ ಒಳಗೆ ಹೊಕ್ಕಿತ್ತು. ಸ್ಕ್ರೂಗಳ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಒಂದು ಸ್ಕ್ರೂವಿನ ಕೆಳಗೆ ಎರಡು ತಂತಿ ಇದ್ದವು, ಒಂದು ದಪ್ಪ, ಒಂದು ತೆಳು. ಸ್ಕ್ರೂ ದಪ್ಪದ್ದನ್ನು ಗಟ್ಟಿಯಾಗಿ ಹಿಡಿದಿತ್ತು. ತೆಳುವಾದದ್ದು ಪಕ್ಕದಲ್ಲಿ ಸುಮ್ಮನೆ ಒರಗಿಕೊಂಡಿತ್ತು.

ಚಂದ್ರಕ್ಕ ಆ ತೆಳು ತಂತಿಯನ್ನು ಬೆರಳಿನಿಂದ ಮೆಲ್ಲಗೆ ದೂಡಿದರು.

"ನಿಂತಿತು ಅಕ್ಕ!" ವಾಕಿಟಾಕಿಯಲ್ಲಿ ಪುಷ್ಪರಾಜರ ಕೂಗು. "ಅಂಕಿ ನಿಂತಿತು!"

ಬೆರಳು ತೆಗೆದರು.

"ಬಂತು! ಬಂತು ಅಕ್ಕ! ಸಿಕ್ಕಿತಾ? ಎಲ್ಲಿ? ಎಂತದು?"

ಓಣಿಯಲ್ಲಿ ಚಂದ್ರಕ್ಕ ಒಬ್ಬರೇ ಇದ್ದರು. ತಂತಿ ಬಿಗಿಮಾಡಿ, ಕಿಲುಬು ಉಜ್ಜಿ, ಮುಚ್ಚಳ ಹಾಕಿ, 'ಎಲ್ಲೋ ಒಂದು ಸ್ಕ್ರೂ ಸಡಿಲವಿತ್ತು, ಸರಿ ಮಾಡಿದೆ' ಎಂದು ಮೇಲೆ ಹೋಗಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಎಲ್ಲರೂ ಕೈಮುಗಿದು ಕಳಿಸುತ್ತಿದ್ದರು.

"ಕ್ಯಾಪ್ಟನ್ರನ್ನು ಕರಕೊಂಡು ಕೆಳಗೆ ಬನ್ನಿ," ಎಂದರು ಚಂದ್ರಕ್ಕ. "ನಾನು ಏನೂ ಮುಟ್ಟುವುದಿಲ್ಲ. ಹೇಗಿದೆಯೋ ಹಾಗೆಯೇ ನೋಡಬೇಕು ಅವರು."

ಕ್ಯಾಪ್ಟನ್ ಬಂದರು. ಚಂದ್ರಕ್ಕ ಟಾರ್ಚು ಹಿಡಿದು ತೋರಿಸಿದರು.

"ಇದು ನಾನು ಮಾಡಿದ್ದು. ಆರು ವರ್ಷದ ಹಿಂದೆ. ದಪ್ಪ ತಂತಿಯನ್ನೂ ತೆಳು ತಂತಿಯನ್ನೂ ಒಂದೇ ಸ್ಕ್ರೂವಿಗೆ ಕೊಡಬಾರದು. ಕೊಟ್ಟಿದ್ದೇನೆ. ಅಡುಗೆಕೋಣೆಯ ಪಕ್ಕ ಆವಿ ಹೋಗದ ಪೆಟ್ಟಿಗೆ ಹಾಕಬೇಕಿತ್ತು. ಹಾಕಲಿಲ್ಲ. ಇವತ್ತು ಬೆಳಿಗ್ಗೆ ಪುಷ್ಪರಾಜರು ಇದನ್ನು ತೆರೆಯುವುದಾ ಅಂತ ಕೇಳಿದರು. ನಾನೇ ಬೇಡ ಎಂದೆ. ಆಗಲೇ ತೆರೆದಿದ್ದರೆ ನೀವು ಈಗ ಕಡಲಲ್ಲಿ ಇರುತ್ತಿದ್ದಿರಿ. ಒಂದು ದಿನ ನನ್ನಿಂದ ಹೋಯಿತು ಕ್ಯಾಪ್ಟನ್ರೇ. ತಪ್ಪಾಯಿತು."

ಪುಷ್ಪರಾಜ ನೆಲ ನೋಡುತ್ತಿದ್ದರು. ಕ್ಯಾಪ್ಟನ್ ಬಗ್ಗಿ ಆ ಹಸಿರು ಕಿಲುಬನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟು ಬಂದದ್ದು ನಿಜ. ಅದು ಬಂದು, ಸ್ವಲ್ಪ ಹೊತ್ತು ನಿಂತು, ಇಳಿಯಿತು.

"ಮೂವತ್ತು ವರ್ಷದಲ್ಲಿ ನನ್ನ ಹಡಗಿಗೆ ಎಷ್ಟೋ ಜನ ರಿಪೇರಿಯವರು ಬಂದಿದ್ದಾರೆ ಅಕ್ಕ," ಎಂದರು. "ಎಲ್ಲರೂ ತಮಗಿಂತ ಮೊದಲು ಬಂದವನ ತಪ್ಪು ತೋರಿಸಿ ಹೋದರು. ತನ್ನದು ಅಂತ ಟಾರ್ಚು ಹಿಡಿದು ತೋರಿಸಿದವರನ್ನು ಇವತ್ತೇ ಕಂಡದ್ದು." ಆಮೇಲೆ, "ಸರಿ ಮಾಡಿ. ನಾಳೆ ಭರತಕ್ಕೆ ಹೊರಡುವ," ಎಂದರು.

ಚಂದ್ರಕ್ಕ ಹಳೆಯ ಪೆಟ್ಟಿಗೆಯನ್ನು ಪೂರ್ತಿ ಕಿತ್ತುಹಾಕಿದರು. ನೀರು, ಆವಿ ಹೋಗದ ಹೊಸ ಪೆಟ್ಟಿಗೆ ಕೂರಿಸಿದರು. ಒಂದೊಂದು ತಂತಿಗೂ ಅದರದ್ದೇ ಜಾಗ ಕೊಟ್ಟರು. ಆಮೇಲೆ ಹಡಗನ್ನು ಹಗ್ಗದಲ್ಲಿ ಕಟ್ಟಿಟ್ಟೇ ಎಂಜಿನ್ ಚಾಲೂ ಮಾಡಿಸಿದರು. ಹಲಗೆಗಳೆಲ್ಲ ಗಡಗಡ ನಡುಗುತ್ತಿರುವಾಗ ಒಂದು ಗಂಟೆ ಹೊತ್ತು ಒಂಬತ್ತೂ ಜಾಗವನ್ನು ಮತ್ತೊಮ್ಮೆ ಅಳೆದರು. ಕೊನೆಗೆ ಕಾಗದ ತೆಗೆದುಕೊಂಡು ವರದಿ ಬರೆದರು. 'ದೋಷದ ಕಾರಣ: ಆರು ವರ್ಷದ ಹಿಂದೆ ನಾನು ಮಾಡಿದ ಸೇರಿಕೆ. ನಾನೇ ಮಾಡಿದ್ದೆಂದು ಅದನ್ನು ಮೊದಲು ಪರೀಕ್ಷಿಸದೆ ಬಿಟ್ಟೆ.' ಅದರ ಕೆಳಗೆ ಸಹಿ ಹಾಕಿದರು.

ಮರುದಿನ ಮಧ್ಯಾಹ್ನ ಜಲಸಿರಿ ಅಳಿವೆ ದಾಟಿತು. ಅದರ ಮರುದಿನ ದ್ವೀಪದ ಹತ್ತಿರ ಹೋಗುವಾಗ ಕಡಲು ಕಪ್ಪಾಗಿತ್ತು. ಮಳೆ ಎಷ್ಟು ದಟ್ಟವಾಗಿತ್ತೆಂದರೆ ಹಡಗಿನ ಮೂತಿಯೂ ಕಾಣುತ್ತಿರಲಿಲ್ಲ. ಎರಡು ಬದಿಯಲ್ಲಿ ಹವಳದ ಬಂಡೆ. ಕ್ಯಾಪ್ಟನ್ ಅಂಕಿಯ ಮೇಲೆ ಕಣ್ಣಿಟ್ಟು ದಿಕ್ಕು ಕೂಗುತ್ತಾ ಹೋದರು. ಹಡಗು ತಿರುಗಿದಂತೆಲ್ಲ ಅಂಕಿ ತಿರುಗಿತು. ಒಮ್ಮೆಯೂ ನಿಲ್ಲಲಿಲ್ಲ. ಡಯಾಲಿಸಿಸ್ ಪೆಟ್ಟಿಗೆಗಳು ದೋಣಿಯಿಂದ ದಡಕ್ಕೆ ಇಳಿದಾಗ ಆಸ್ಪತ್ರೆಯಲ್ಲಿ ಇನ್ನೂ ಒಂದು ದಿನದ ದ್ರವ ಉಳಿದಿತ್ತು.

ಹಡಗಿನ ಕಂಪನಿಯವರು ವರದಿ ಓದಿ ಚಂದ್ರಕ್ಕನಿಗೆ ಫೋನು ಮಾಡಿದರು. "ಇದನ್ನೆಲ್ಲ ಯಾಕೆ ಬರೆದಿರಿ? ಸಡಿಲ ಸೇರಿಕೆ ಅಂದರೆ ಸಾಕಿತ್ತು. ಹೀಗೆ ಬರೆದವರನ್ನು ಮತ್ತೆ ಕರೆಯುವುದು ನಮಗೆ ಕಷ್ಟ."

"ಕರೆಯದಿದ್ದರೆ ಬೇಡ," ಎಂದರು ಚಂದ್ರಕ್ಕ. "ನಾಳೆ ಯಾರು ಬರುತ್ತಾರೋ, ಅವರಿಗೆ ಎಲ್ಲಿ ನೋಡಬೇಕು ಅಂತ ಗೊತ್ತಿರಬೇಕು. ಬರೆದದ್ದು ಹಾಗೆಯೇ ಇರಲಿ."

ಕಂಪನಿಯವರು ಆಮೇಲೆ ಒಂದು ವರ್ಷ ಅವರನ್ನು ಕರೆಯಲಿಲ್ಲ. ಕ್ಯಾಪ್ಟನ್ ಕುಂಞಿಕೋಯ ಹಟ ಹಿಡಿದ ಮೇಲೆಯೇ ಮತ್ತೆ ಕರೆದರು.

ಆದರೆ ನಾನು ಹೇಳಬೇಕೆಂದಿರುವುದು ಆ ವರ್ಷದ ಮಳೆಗಾಲದ ಕಥೆ. ಹಡಗು, ದೋಣಿಗಳೆಲ್ಲ ದಕ್ಕೆಗೆ ಬಂದು ಸಾಲಾಗಿ ನಿಂತಿದ್ದವು. ಚಂದ್ರಕ್ಕ ಕೆಲಸ ಬರೆದಿಡುವ ತಮ್ಮ ಹಳೆಯ ಪುಸ್ತಕ ತೆಗೆದು, ಇದೇ ತರಹದ ಸೇರಿಕೆಯನ್ನು ತಾವು ಇನ್ನು ಎಲ್ಲೆಲ್ಲಿ ಮಾಡಿದ್ದೆಂದು ಹುಡುಕಿದರು. ಏಳು ಹಡಗುಗಳ ಹೆಸರು ಸಿಕ್ಕಿತು. ಕೊಡೆ ಹಿಡಿದು, ಚೀಲ ಹೆಗಲಿಗೇರಿಸಿ, ಯಾರೂ ಕರೆಯದೆ, ಏಳೂ ಕಡೆ ಹೋದರು. ಏಳನ್ನೂ ಬಿಚ್ಚಿ ನೋಡಿದರು. ಐದು ಗಟ್ಟಿಯಾಗಿದ್ದವು. ಎರಡರಲ್ಲಿ ಕಿಲುಬು ಶುರುವಾಗಿತ್ತು. ಏಳನ್ನೂ ಹೊಸದಾಗಿ ಮಾಡಿಕೊಟ್ಟರು.

ಒಂದು ಮೀನಿನ ಹಡಗಿನ ಮಾಲೀಕರಿಗೆ ಇದು ಅರ್ಥವಾಗಲಿಲ್ಲ. "ನಾನು ದೂರು ಕೊಟ್ಟಿಲ್ಲವಲ್ಲ ಚಂದ್ರಕ್ಕ?" ಎಂದು ಕೇಳಿದರು. "ದೂರು ಬಂದ ಮೇಲೆ ಬಂದರೆ ಸಾಲದಾ?"

ಚಂದ್ರಕ್ಕ ಸ್ಕ್ರೂ ಬಿಗಿಮಾಡುತ್ತಾ ತಲೆ ಎತ್ತದೆಯೇ ಹೇಳಿದರು. "ಕಡಲಿನಲ್ಲಿ ದೂರು ಕೊಡಬೇಕಾದವರು ಕೆಲವು ಸಲ ದಡಕ್ಕೇ ಬರುವುದಿಲ್ಲ ಸಾಹುಕಾರ್ರೇ."

ನೀತಿ: ತಪ್ಪನ್ನು ಹುಡುಕಲು ಹೊರಟವರು ತಮ್ಮ ಕೆಲಸವನ್ನು ಬದಿಗಿಟ್ಟು ಹುಡುಕಬಾರದು. 'ಇದು ನಾನು ಮಾಡಿದ್ದು, ಸರಿಯಾಗಿಯೇ ಇರುತ್ತದೆ' ಎಂದು ನಾವು ನೋಡದೆ ಬಿಟ್ಟ ಜಾಗದಲ್ಲೇ ತಪ್ಪು ಕೂತಿರಬಹುದು. ತಪ್ಪು ಮಾಡದವರು ಯಾರೂ ಇಲ್ಲ. ತನ್ನ ತಪ್ಪಿನ ಮೇಲೆ ತಾನೇ ಬೆಳಕು ಹಿಡಿದು, ಅದನ್ನು ಕೊನೆಯ ಸ್ಕ್ರೂವಿನವರೆಗೂ ತಿದ್ದುವವರನ್ನು ಧೈರ್ಯವಾಗಿ ನಂಬಬಹುದು.